ತಗಡಿನ ಪೆಟ್ಟಿಗೆಗೆ ಅರ್ತ್ ಕೊಟ್ಟ ದಿನ

ರೇಡಿಯೊ ರಿಪೇರಿ ಕಲಿಯಲು ಹೊರಟ ಹೊಸಬರು ನನ್ನ ಹತ್ತಿರ ಬಂದರೆ ಕೇಳುವುದು ಒಂದೇ ಮಾತು: "ಏನಾದ್ರೂ ಗುಟ್ಟು ಹೇಳ್ರಿ, ಎರ್ರಿಸ್ವಾಮಿ ಮಾಮಾ." ಗುಟ್ಟು ನನ್ನ ಹತ್ತಿರ ಎಲ್ಲಿಂದ ಬರಬೇಕು? ಇಷ್ಟು ವರ್ಷ ಬೆಸುಗೆಯ ಹೊಗೆ ಕುಡಿದವನ ಹತ್ತಿರ ಉಳಿದಿರುವುದು ಕೆಮ್ಮು ಮತ್ತು ಮಾಡಿದ ತಪ್ಪುಗಳ ನೆನಪು. ಕೆಮ್ಮು ನನಗಿರಲಿ, ತಪ್ಪುಗಳನ್ನು ನಿಮಗೆ ಕೊಡುತ್ತೇನೆ. ಅದರಲ್ಲೂ ಒಂದು ತಪ್ಪನ್ನು ನೆನೆದರೆ ಈಗಲೂ ನನಗೆ ನಾಚಿಕೆಗಿಂತ ಬೆರಗೇ ಹೆಚ್ಚು. ಒಂದು ತಗಡಿನ ಪೆಟ್ಟಿಗೆಗೆ ಅರ್ತ್ ಕೊಟ್ಟ ಕಥೆ ಅದು. ಅರ್ತ್ ಎಂದರೆ ನಿಮಗೆ ಗೋಡೆಯ ಪ್ಲಗ್ಗಿನ ಮೂರನೆಯ ತೂತು, ಅಷ್ಟೇ. ನಮ್ಮ ಕಾಲದಲ್ಲಿ ಅದನ್ನು ಹಾರೆ ಹಿಡಿದು ಹುಡುಕಬೇಕಾಗಿತ್ತು.

ಮಹಾಯುದ್ಧ ಮುಗಿದಾಗ ನಾನು ಸೈನ್ಯದ ಸಿಗ್ನಲ್ ದಳದಿಂದ ಬಿಡುಗಡೆಯಾಗಿ ನನ್ನೂರು ಕೊಳಗಲ್ಲಿಗೆ ಬಂದೆ. ಅಪ್ಪ ಹೊಲಕ್ಕೆ ಕರೆದರು. ನಾಲ್ಕು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಹೊಲದ ಮೌನ ಒಗ್ಗಲಿಲ್ಲ. ಬಳ್ಳಾರಿಯ ಕೌಲ್ ಬಜಾರಿಗೆ ಹೋಗಿ ಖಾಜಾ ಸಾಬರ ರೇಡಿಯೊ ಅಂಗಡಿ ಸೇರಿದೆ. ಆಗ ಯುದ್ಧದಲ್ಲಿ ಉಳಿದ ಮಿಲಿಟರಿ ಸಾಮಾನು ಗುಡ್ಡೆ ಗುಡ್ಡೆಯಾಗಿ ಮಾರಾಟಕ್ಕೆ ಬರುತ್ತಿತ್ತು. ದನಿ ದೊಡ್ಡದು ಮಾಡುವ ಗಾಜಿನ ವಾಲ್ವು, ಮೈಕು, ಹೆಡ್‌ಫೋನು, ವೈರಿನ ಸುರುಳಿ, ಎಲ್ಲವೂ ಗೋಣಿಚೀಲದಲ್ಲಿ. ಖಾಜಾ ಸಾಬರು ಆ ಚೀಲವನ್ನು ನೆಲಕ್ಕೆ ಸುರುವಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೂತು ಆರಿಸುತ್ತಿದ್ದರು. ಅವರಿಗೆ ಲೆಕ್ಕ ಹಾಕಲು ತೆಲುಗು, ಸಿಟ್ಟು ಮಾಡಲು ಉರ್ದು, ಬೈದು ಮುಗಿಸಿದ ಮೇಲೆ ಸಮಾಧಾನ ಮಾಡಲು ಕನ್ನಡ. ದಿನದಲ್ಲಿ ಉರ್ದುವಿನ ಪಾಲೇ ಹೆಚ್ಚಿರುತ್ತಿತ್ತು.

ನಾನು ಸೇರಿದ ದಿನವೇ ಅವರು ಒಂದು ಸೆಟ್ಟು ಹಚ್ಚಿದರು. ಅದರೊಳಗಿಂದ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಹಿಂದೆ ಜೋತಾಡುತ್ತಿದ್ದ ಒಂದು ತಂತಿಯನ್ನು ನೆಲದಲ್ಲಿ ಹೂತಿದ್ದ ಕಬ್ಬಿಣದ ಕೊಳವೆಗೆ ಮುಟ್ಟಿಸಿದರು. ಗುಂಯ್ ನಿಂತಿತು, ಒಬ್ಬ ಹೆಂಗಸಿನ ಹಾಡು ತೊಳೆದಿಟ್ಟ ಪಾತ್ರೆಯಂತೆ ಹೊರಗೆ ಬಂತು. ತಂತಿ ಎತ್ತಿದರು, ಮತ್ತೆ ಗುಂಯ್.

"ನೋಡಿದೇನಲೇ? ಭೂಮ್ತಾಯಿ ಎಲ್ಲಾ ಗದ್ಲ ನುಂಗತಾಳ. ನುಂಗಿ ಒಂದು ತೇಗು ಸೈತ ತೇಗಂಗಿಲ್ಲ."

ಸೈನ್ಯದಲ್ಲಿ ಇದನ್ನೇ ನನಗೆ ಪುಸ್ತಕ ಹಿಡಿದು ಕಲಿಸಿದ್ದರು. ಆದರೆ ಹೀಗೆ ಹೇಳಿರಲಿಲ್ಲ. ನಾನು ಬಾಯಿ ತೆರೆದುಕೊಂಡು ಆ ಕೊಳವೆಯನ್ನೇ ನೋಡುತ್ತಾ ನಿಂತೆ.

ಆಮೇಲೆ ಊರೂರಿಗೆ ಹೋಗಿ ಬ್ಯಾಟರಿ ರೇಡಿಯೊ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಸಿರುಗುಪ್ಪದಲ್ಲಿ ಅರ್ತ್ ಹೂಳುವುದೆಂದರೆ ಮೊಸರಿನಲ್ಲಿ ಚಮಚ ಇಟ್ಟಷ್ಟು ಸಲೀಸು. ಕರೂರಿನ ದಾರಿಯ ಭತ್ತದ ಗದ್ದೆಗಳ ಕಡೆ ಎಲ್ಲಿ ಕೊಳವೆ ಊರಿದರೂ ಕೆಳಗೆ ನೀರಿನ ತೇವ. ಕುರುಗೋಡಿನದು ಬೇರೆಯೇ ಜಾತಕ. ಅಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಹಿತ್ತಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾರೆ ಹಾಕಿದೆ, ಆಗಿದ್ದು ಒಂದು ಮೊಳ. ಕೆಳಗೆ ಬರೀ ಬಂಡೆ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದಂತೆ, ನನಗೆ ಅದೂ ಸಿಗಲಿಲ್ಲ. ಮನೆಯ ಮುದುಕರು ಕಟ್ಟೆಯ ಮೇಲೆ ಕೂತು, "ಏನಪಾ, ರೇಡಿಯೋ ಇಡಾಕ ಬಂದೀಯೋ, ಭಾವಿ ತೋಡಾಕ ಬಂದೀಯೋ?" ಎಂದು ಕೇಳಿದರು. ಕೊನೆಗೆ ಆ ಒಂದು ಮೊಳದಲ್ಲೇ ಉಪ್ಪು, ಇದ್ದಿಲು ತುಂಬಿ ನಾಲ್ಕು ಕೊಡ ನೀರು ಸುರಿದೆ. ರೇಡಿಯೊ ಹಾಡಿತು. ಮುದುಕರು ದಿನಾ ಗಿಡಕ್ಕೆ ಹಾಕುವಂತೆ ಅದಕ್ಕೆ ನೀರು ಹಾಕುತ್ತಿದ್ದರಂತೆ.

ಅಂದಿನಿಂದ ನನಗೆ ಕೊಬ್ಬು ಬಂತು. ಸೆಟ್ಟಿನಲ್ಲಿ ಸದ್ದಿದೆಯೇ? ನೆಲ ಸರಿಯಿಲ್ಲ, ಇನ್ನೊಂದು ಮೊಳ ಅಗೆಯಿರಿ. ಅಷ್ಟೇ ನನ್ನ ಶಾಸ್ತ್ರ. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು, ಬಳ್ಳಾರಿಯವರು ನಾವಿನ್ನೂ ಮದ್ರಾಸ್ ರಾಜ್ಯದವರೇ ಆಗಿದ್ದೆವು. ಆ ಕಾಲದಲ್ಲಿ ಡಾಕ್ಟರ್ ರುಕ್ಮಿಣಮ್ಮನವರ ಕೆಲಸ ಬಂತು, ನನ್ನ ಶಾಸ್ತ್ರ ಅಲ್ಲಿ ಮುರಿದುಬಿತ್ತು.

ಬಜಾರಿನಿಂದ ಅರ್ಧ ಮೈಲಿ ದೂರದಲ್ಲಿ ಅವರ ಹೆರಿಗೆ ಆಸ್ಪತ್ರೆ. ಆರು ಮಂಚ, ಒಬ್ಬಳು ನರ್ಸು. ಆಕೆಯ ಹೆಸರು ಗ್ರೇಸಮ್ಮ. ಸಿರುಗುಪ್ಪ, ಕುರುಗೋಡು ಕಡೆಯ ಬಸುರಿಯರು ಎತ್ತಿನ ಗಾಡಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಒಳಗೆ ಗಂಡಸು ಡಾಕ್ಟರಿರಲಿಲ್ಲ. ಡಾಕ್ಟರಮ್ಮನಿಗೆ ಐವತ್ತು ದಾಟಿತ್ತು. ರೇಡಿಯೊದ ದನಿ ಸಣ್ಣಗಾಗಿದೆ ಎಂದು ಹೇಳಿಕಳಿಸಿದ್ದರು. ಹೋಗಿ ಹಚ್ಚಿದರೆ, ಅದರ ಅಬ್ಬರಕ್ಕೆ ಬೀದಿಯ ನಾಯಿ ಎದ್ದು ಕೂತಿತು. ನಾನು ಅವರ ಮುಖ ನೋಡಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ರೇಡಿಯೋ ಸರಿ ಐತಿ, ಅಲ್ರೀ?"

"ಐತ್ರಿ ಡಾಕ್ಟರಮ್ಮ."

"ಹಂಗಾರ ಕೆಟ್ಟಿರೋದು ನನ್ನ ಕಿವಿ. ಹೊಟ್ಟಿಯೊಳಗಿನ ಕೂಸಿನ ಎದಿಬಡಿತ ಅಂದ್ರ, ದಿಂಬಿನ ಕೆಳಗ ಇಟ್ಟ ಕೈಗಡಿಯಾರ ಇದ್ದಂಗ. ಎರಡು ತಿಂಗಳಾತು, ನನಗ ಅದು ಕೇಳಿಲ್ಲ. ಗ್ರೇಸಮ್ಮನ ಕೈಲೆ ಕೇಳಸ್ತೀನಿ. ಆಕಿ ಒಮ್ಮೆ ಐತಿ ಅಂತಾಳ, ಒಮ್ಮೆ ಇಲ್ಲ ಅಂತಾಳ." ಬಸುರಿಯ ಹೊಟ್ಟೆಗಿಟ್ಟು ಕೇಳುವ ಮರದ ಕೊಳವೆಯನ್ನು ಎತ್ತಿ ಮೇಜಿನ ಆ ತುದಿಗೆ ಇಟ್ಟರು. "ಕೂಸಿನ ಎದಿ ಕೇಳಲಾರದಾಕಿ ಬಸುರಿ ಹೊಟ್ಟಿ ಮ್ಯಾಲೆ ಕೈ ಇಡಬಾರದ್ರಿ. ನಿಮ್ಮ ಮಿಲಿಟರಿ ಸಾಮಾನಿನಾಗ ಏನಾರ ಮಾಡಾಕ ಬರ್ತೈತೇನು? ಇಲ್ಲಂದ್ರ ನಾ ಈ ಬಾಗಲಾ ಮುಚ್ಚೋದ."

ನಾನು ಮಾಡಿಕೊಡುತ್ತೇನೆ ಎಂದೆ. ಹೇಗೆಂದು ಗೊತ್ತಿರಲಿಲ್ಲ.

ಖಾಜಾ ಸಾಬರು ಕೇಳಿ ಗಡ್ಡ ನೀವಿಕೊಂಡು ಒಂದೇ ಷರತ್ತು ಹಾಕಿದರು. "ಲೈನಿನ ಕರೆಂಟು ಬ್ಯಾಡ. ಬಸುರಿ ಮೈಗೆ ತಾಗೋ ಸಾಮಾನು. ಬ್ಯಾಟರಿ ಮ್ಯಾಲೆನ ನಡೀಬೇಕು." ಹಾಗಾಗಿ ಕಡಿಮೆ ಕರೆಂಟಿನಲ್ಲೇ ಕೆಲಸ ಮಾಡುವ ಮೂರು ಪುಟ್ಟ ವಾಲ್ವು ಆರಿಸಿದೆವು. ಮಿಲಿಟರಿ ಚೀಲದಿಂದ ಒಂದು ಹರಳಿನ ಮೈಕು ಸಿಕ್ಕಿತು. ಅದನ್ನು ಹಿತ್ತಾಳೆಯ ಬಟ್ಟಲಿನಲ್ಲಿ ಕೂರಿಸಿ, ಹೊಟ್ಟೆಯ ಮೇಲಿಡುವಷ್ಟು ನುಣುಪು ಮಾಡಿದೆ. ಹರಳಿನ ಮೈಕು ಬಲು ಸೂಕ್ಷ್ಮ, ಸುತ್ತಲಿನ ಲೈಟಿನ ವೈರಿನ ಗುಂಯ್ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಅದಕ್ಕೇ ಇಡೀ ಸಾಮಾನನ್ನು ತಗಡಿನ ಪೆಟ್ಟಿಗೆಯೊಳಗಿಟ್ಟು, ಬ್ಯಾಟರಿಯ ಮೈನಸ್ ತುದಿಯ ವೈರನ್ನು ಒಂದು ಸ್ಕ್ರೂವಿನಿಂದ ಪೆಟ್ಟಿಗೆಯ ಮೈಗೇ ಬಿಗಿಯಬೇಕು. ಆಗ ಪೆಟ್ಟಿಗೆ ಹೊರಗಿನ ಗದ್ದಲವನ್ನು ತನ್ನ ಮೈಮೇಲೆ ತೆಗೆದುಕೊಂಡು ಒಳಗಿನದನ್ನು ಕಾಯುತ್ತದೆ. ಬಜಾರಿನ ತಗಡಿನ ಕೆಲಸದವರು ಪೆಟ್ಟಿಗೆ ಮಾಡಿ, ಎತ್ತಿಕೊಳ್ಳಲು ಮೇಲೊಂದು ಹಿತ್ತಾಳೆಯ ಹಿಡಿ ಹೊಡೆದುಕೊಟ್ಟರು.

ಅಂಗಡಿಯಲ್ಲೇ ಮೊದಲ ಪರೀಕ್ಷೆ. ಬಟ್ಟಲನ್ನು ನನ್ನ ಎದೆಗೆ ಒತ್ತಿಕೊಂಡು ಹೆಡ್‌ಫೋನ್ ಹಾಕಿಕೊಂಡೆ. ಲಬ್, ಡಬ್. ಯಾರೋ ದೊಡ್ಡ ಮನೆಯೊಳಗೆ ನಿಧಾನವಾಗಿ ನಡೆಯುತ್ತಿರುವ ಹಾಗೆ. ಯುದ್ಧದಲ್ಲಿ ನೂರಾರು ಮೈಲಿ ಆಚೆಯ ದನಿ ಕೇಳಿದವನು ನಾನು. ನನ್ನ ಪಕ್ಕೆಲುಬಿನ ಕೆಳಗೇ ಇಷ್ಟು ವರ್ಷ ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿದ್ದ ಈ ಕೆಲಸವನ್ನು ಕೇಳಿರಲಿಲ್ಲ. ಖಾಜಾ ಸಾಬರು ಕಿತ್ತುಕೊಂಡು ತಮ್ಮ ಎದೆಗಿಟ್ಟುಕೊಂಡರು. ಕಣ್ಣು ಮುಚ್ಚಿ, "ಯಾ ಅಲ್ಲಾ" ಎಂದರು. ಆ ದಿನ ಅವರು ಯಾರನ್ನೂ ಬೈಯಲಿಲ್ಲ.

ಪೆಟ್ಟಿಗೆಯನ್ನು ಆಸ್ಪತ್ರೆಗೆ ಒಯ್ದರೆ ಗ್ರೇಸಮ್ಮ ಬಾಗಿಲಲ್ಲೇ ತಡೆದಳು. "ಈ ಎಣ್ಣಿ ಡಬ್ಬಿ ಒಳಗ ತರಬ್ಯಾಡ್ರಿ. ನಮ್ಮ ಆಸ್ಪತ್ರಿಯೊಳಗ ಬರೋದೆಲ್ಲಾ ಬೆಳ್ಳಗಿರಬೇಕು." ನಿಜವೇ. ಅಲ್ಲಿ ಮಂಚ, ಬಕೆಟ್ಟು, ತಟ್ಟೆ, ಕಪಾಟು ಎಲ್ಲವೂ ಬಿಳಿ ಎನಾಮಲ್. ಬಿಳಿಯಲ್ಲದ ವಸ್ತು ಆಕೆಯ ಲೆಕ್ಕದಲ್ಲಿ ಹೊಲಸು. ನಾನು ಒಳಗಿನ ಸಾಮಾನೆಲ್ಲ ಬಿಚ್ಚಿ, ಬಣ್ಣದವನಿಗೆ ಕೊಟ್ಟೆ. ಆ ಪುಣ್ಯಾತ್ಮ ಶ್ರದ್ಧೆಯಿಂದ ಒಳಗೂ ಹೊರಗೂ ಮುಚ್ಚಳಕ್ಕೂ ಎರಡೆರಡು ಕೈ ಹೊಡೆದು, ಹಿತ್ತಾಳೆಯ ಹಿಡಿಯೊಂದನ್ನು ಮಾತ್ರ ಹೊಳೆಯಲೆಂದು ಬಿಟ್ಟಿದ್ದ. ಪೆಟ್ಟಿಗೆ ಮದುಮಗಳ ಹಾಗೆ ಕಂಡಿತು. ಎಲ್ಲವನ್ನೂ ಮತ್ತೆ ಜೋಡಿಸಿದೆ. ಬಣ್ಣಕ್ಕೆ ಗೀರು ಬೀಳಬಾರದೆಂದು ಸ್ಕ್ರೂಗಳ ಕೆಳಗೆ ವಾಷರ್ ಬೇರೆ ಇಟ್ಟೆ. ಬುದ್ಧಿವಂತ ನೋಡಿ.

ಈ ಸಲ ಗ್ರೇಸಮ್ಮ ಒಳಗೆ ಬಿಟ್ಟಳು. ಆದರೆ ಗಂಡಸಾದ ನಾನು ನಿಲ್ಲಬೇಕಾದದ್ದು ಪರದೆಯ ಈಚೆ. ಚಪ್ಪಲಿ ಹೊರಗೆ ಬಿಟ್ಟು, ಪೆಟ್ಟಿಗೆ ಹಿಡಿದುಕೊಂಡು ನಿಂತೆ, ಮೈಕಿನ ವೈರು ಪರದೆಯ ಕೆಳಗಿನಿಂದ ಆಚೆ ಹೋಗುತ್ತಿತ್ತು. ಡಾಕ್ಟರಮ್ಮ ಮೊದಲು ತಮ್ಮ ಎದೆಯನ್ನೇ ಕೇಳಿದರು. ಕೇಳಿತು. ಗ್ರೇಸಮ್ಮನ ಎದೆ ಕೇಳಿದರು. ಅದೂ ಕೇಳಿತು. ನಾನು ಗೆದ್ದೆ ಎಂದುಕೊಂಡು ಪೆಟ್ಟಿಗೆ ಕೆಳಗಿಟ್ಟು ಅಂಗಳಕ್ಕೆ ಬಂದೆ. ಬೀಡಿ ಹಚ್ಚುವಷ್ಟರಲ್ಲಿ ಒಳಗಿನಿಂದ ಕೂಗು, "ಗುಂಯ್ ಅನ್ನಾಕತ್ತೈತ್ರಿ!" ಓಡಿಹೋಗಿ ಪೆಟ್ಟಿಗೆ ಹಿಡಿದರೆ ಸುಮ್ಮನಾಯಿತು. ಬಿಟ್ಟು ಹೊರಗೆ ಬಂದೆ. ಮತ್ತೆ ಕೂಗು.

"ಹಡದಾತ ಬಿಟ್ಟು ಹೋದ್ರ ಅಳತೈತಿ ನೋಡ್ರಿ" ಎಂದು ಗ್ರೇಸಮ್ಮ ನಕ್ಕಳು. ಡಾಕ್ಟರಮ್ಮ ನಗಲಿಲ್ಲ.

ಮೂರು ದಿನ ಇದೇ ಆಟ. ರಬ್ಬರ್ ಬೂಟಿನ ಗ್ರೇಸಮ್ಮ ಹಿಡಿದರೆ ಗುಂಯ್ ನಿಲ್ಲುತ್ತಿರಲಿಲ್ಲ, ನಾನೇ ಹಿಡಿಯಬೇಕು. ವಾಲ್ವು ಬದಲಾಯಿಸಿದೆ. ವೈರು ಬದಲಾಯಿಸಿದೆ. ಆಸ್ಪತ್ರೆಯ ಲೈಟಿನ ಮೇನ್ ಆರಿಸಿ ನೋಡಿದೆ, ಆದರೆ ಪಕ್ಕದ ಹಿಟ್ಟಿನ ಗಿರಣಿಯ ಲೈನು ಗೋಡೆಗೇ ಅಂಟಿಕೊಂಡು ಹೋಗುತ್ತಿತ್ತು, ಗುಂಯ್ ಹಾಗೆಯೇ ಇತ್ತು. ಕೊನೆಗೆ ನನ್ನ ಹಳೆಯ ಶಾಸ್ತ್ರ ತೆಗೆದೆ. ಹಿತ್ತಲಲ್ಲಿ ನಾಲ್ಕು ಮೊಳ ಅಗೆದು, ಉಪ್ಪು ಇದ್ದಿಲು ತುಂಬಿ, ಕೊಳವೆ ಹೂತು, ದಪ್ಪ ತಾಮ್ರದ ತಂತಿ ತಂದು ಅದೇ ಸ್ಕ್ರೂವಿಗೆ ಸುತ್ತಿ ಬಿಗಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಳ್ಳಾರಿಯ ನೆಲವನ್ನು ಬೈದುಕೊಂಡು ಗುಂಡಿಗೆ ಮತ್ತೆ ಮತ್ತೆ ನೀರು ಸುರಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಹಾಗೆ ನೀರು ಸುರಿಯುತ್ತಿದ್ದಾಗ ಕುರುಗೋಡಿನಿಂದ ಗಾಡಿಯೊಂದು ಬಂತು. ಇಳಿದವರು ಎಂಟು ತುಂಬಿದ ಬಸುರಿ ಈರಮ್ಮ ಮತ್ತು ಅವಳ ಅತ್ತೆ ಹಂಪಮ್ಮ. ಹಿಂದಿನ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಈಗ ಹಿಂದಿನ ಸಂಜೆಯಿಂದ ಈ ಕೂಸು ಹೊರಳಿಲ್ಲ. ಹಂಪಮ್ಮ ಅಂಗಳದಲ್ಲೇ ನಿಂತು ಕೇಳಿದಳು, "ಔಷಧ ಆಮ್ಯಾಲೆ ಕೊಡ್ರಿ. ಜೀವ ಐತೋ ಇಲ್ಲೋ, ಅದನ್ನ ಮೊದಲ ಹೇಳ್ರಿ ಡಾಕ್ಟರಮ್ಮ."

ಗ್ರೇಸಮ್ಮ ಹೊಟ್ಟೆಗೆ ಮರದ ಕೊಳವೆ ಇಟ್ಟು ಕೇಳಿದಳು. "ಐತಿ ಅನ್ನಸ್ತೈತಿ... ಇಲ್ಲರೀ, ನನಗ ಗೊತ್ತಾಗವಲ್ದು" ಎಂದಳು. ಡಾಕ್ಟರಮ್ಮ ನನ್ನನ್ನು ಕರೆದರು. ನಾನು ಪರದೆಯ ಬಳಿ ಬರುತ್ತಲೇ ಹಂಪಮ್ಮ ಅಡ್ಡ ನಿಂತಳು.

"ಇವ ಯಾರ್ರಿ?"

"ಪೆಟ್ಟಿಗಿ ಹಿಡಿಯಾಕ ಬೇಕವ್ವ. ಪರದಿ ಆಚೀಗೇ ಇರ್ತಾನ."

"ಪರದಿ ಹಿಂದ ನಿಂತ್ರೂ ಗಂಡಸು ಗಂಡಸ. ಗಂಡಸು ಡಾಕ್ಟರು ಬ್ಯಾಡಂತನ ನಾವು ದೊಡ್ಡಾಸ್ಪತ್ರಿ ದಾಟಿ ಇಲ್ಲಿಗೆ ಬಂದೀವಿ. ಅವ ಹೊರಗ ಹೋಗೋತನ ನಮ್ಮ ಸೊಸಿ ಮಂಚ ಹತ್ತಂಗಿಲ್ಲ."

ನಾನು ಹೊರಗೆ ಹೋದೆ. ಗುಂಯ್ ಬರುತ್ತದೆಂದು ನನಗೂ ಗೊತ್ತು, ಡಾಕ್ಟರಮ್ಮನಿಗೂ ಗೊತ್ತು. ಸ್ವಲ್ಪ ಹೊತ್ತಿಗೆ ಅವರು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಅಂಗಳಕ್ಕೆ ಬಂದರು. ಅಷ್ಟು ವಯಸ್ಸಾದಂತೆ ಅವರನ್ನು ನಾನು ಎಂದೂ ಕಂಡಿರಲಿಲ್ಲ.

"ಎರ್ರಿಸ್ವಾಮಿ, ಸಂಜಿ ನಾಲ್ಕಕ್ಕ ಇನ್ನೊಮ್ಮೆ ನೋಡ್ತೀನಿ. ಅಷ್ಟೊತ್ತು ಕಾಯಬಹುದು, ಅದಕ್ಕಿಂತ ಹೆಚ್ಚಿಲ್ಲ. ಆಗ್ಲೂ ಕೇಳಲಿಲ್ಲಂದ್ರ, ಹಂಪಮ್ಮನ ಕಾಲು ಬಿದ್ದಾದ್ರೂ ಒಪ್ಪಿಸಿ ದೊಡ್ಡಾಸ್ಪತ್ರಿಗೆ ಕರಕೊಂಡು ಹೋಗ್ತೀನಿ. ಬಂದು ಬೋರ್ಡು ಇಳಸ್ತೀನಿ. ನಿಮ್ಮದೇನೂ ತಪ್ಪಿಲ್ರಿ."

ಕೊನೆಯ ಮಾತು ನನಗೆ ಚಾಟಿಯಲ್ಲಿ ಹೊಡೆದ ಹಾಗಾಯಿತು. ಪೆಟ್ಟಿಗೆ ಎತ್ತಿಕೊಂಡು ಜಟಕಾ ಹತ್ತಿ ಬಜಾರಿಗೆ ಬಂದೆ. ಖಾಜಾ ಸಾಬರು ಊಟಕ್ಕೆ ಕೂತಿದ್ದರು. ನಡೆದದ್ದೆಲ್ಲ ಹೇಳಿದೆ. ನೆಲ ಸರಿಯಿಲ್ಲ ಎಂದೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನೀ ಹಿಡದ್ರ ಸುಮ್ಮನಾಗ್ತೈತಿ?"

"ಹೌದ್ರಿ."

"ಎಲ್ಲಿ ಹಿಡೀತಿ?"

ನಾನು ತೋರಿಸಿದೆ. ಹಿತ್ತಾಳೆಯ ಹಿಡಿ. ಇಡೀ ಪೆಟ್ಟಿಗೆಯಲ್ಲಿ ಬಣ್ಣವಿಲ್ಲದ ಜಾಗ ಅದೊಂದೇ.

"ನಿನ್ನ ಬರಿಗಾಲು ನೆಲದ ಮ್ಯಾಲೆ, ನಿನ್ನ ಕೈ ಹಿತ್ತಾಳಿ ಮ್ಯಾಲೆ. ಅಂದ್ರ ಅರ್ತ್ ನೀನ ಆಗೀಯಲೇ. ಹಂಗಾರ ನಿನ್ನ ತಾಮ್ರದ ತಂತಿ ಅಲ್ಲಿ ಏನ್ ಕಿಸ್ಯಾಕತ್ತೈತಿ?"

ನಾನು ನನ್ನ ಅಂಗೈ ನೋಡಿಕೊಂಡೆ. ಆಮೇಲೆ ಸ್ಕ್ರೂ ಬಿಚ್ಚಿದೆ. ವಾಷರಿನ ಕೆಳಗೆ ದುಂಡಗೆ, ಬೆಳ್ಳಗೆ, ಒಂದು ಗೀರೂ ಇಲ್ಲದ ಎನಾಮಲ್. ಒಳಗಿನ ವೈರು ಬಣ್ಣದ ಮೇಲೆ ಕೂತಿತ್ತು. ಹೊರಗಿನ ತಾಮ್ರದ ತಂತಿಯೂ ಬಣ್ಣದ ಮೇಲೆ ಕೂತಿತ್ತು. ಮುಚ್ಚಳವೂ ಬಣ್ಣದ ಮೇಲೆ. ನಾಲ್ಕು ಮೊಳ ಆಳದ ಭೂಮಿಗೂ ನನ್ನ ಪೆಟ್ಟಿಗೆಗೂ ನಡುವೆ ಉಗುರಿನಷ್ಟೂ ದಪ್ಪವಿಲ್ಲದ ಬಿಳಿ ಪೊರೆ ನಿಂತಿತ್ತು. ಅಷ್ಟು ದೊಡ್ಡ ಭೂಮಿಯನ್ನು ಅಷ್ಟು ತೆಳುವಾದದ್ದು ತಡೆದಿತ್ತಲ್ಲ ಎಂದು ನಾನು ಕೂತುಬಿಟ್ಟೆ. ಖಾಜಾ ಸಾಬರು ಎಡಗೈಯಿಂದ ಚಾಕು ನನ್ನ ಕಡೆ ತಳ್ಳಿ ಊಟ ಮುಂದುವರಿಸಿದರು. ಅವರು ಉರ್ದುವಿನಲ್ಲಿ ಬೈಯದೇ ಇದ್ದದ್ದಕ್ಕೆ ನನಗೆ ಇನ್ನಷ್ಟು ನೋವಾಯಿತು.

ಇಲ್ಲಿ ಹೊಸಬರು ಸ್ವಲ್ಪ ನಿಲ್ಲಿ. ಸ್ಕ್ರೂ ಕೂರುವ ಜಾಗದಲ್ಲಿ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆಯಿರಿ, ಒಳಗೂ ಹೊರಗೂ. ಮುಚ್ಚಳ ಕೂರುವ ನಾಲ್ಕು ಮೂಲೆಗಳಲ್ಲೂ ಕೆರೆಯಿರಿ. ಹಲ್ಲಿರುವ ವಾಷರ್ ಹಾಕಿ, ಅದು ಲೋಹವನ್ನು ಕಚ್ಚಿ ಹಿಡಿಯಲಿ. ಪೆಟ್ಟಿಗೆಗೂ ಒಳಗಿನ ಸಾಮಾನಿಗೂ ಮೊದಲು ಸಂಬಂಧ ಕೂಡಿಸಿ, ನೆಲದ ಮಾತು ಆಮೇಲೆ. ಈಗ ನಿಮ್ಮ ಪೆಟ್ಟಿಗೆಗಳು ಪ್ಲಾಸ್ಟಿಕ್ಕಿನವು, ಮೀಟರು ಒತ್ತಿದರೆ ತಂತಿ ಕೂಡಿದೆಯೋ ಇಲ್ಲವೋ ಪೀಪಿ ಊದಿ ಹೇಳುತ್ತದೆ. ನಮಗೆ ಮೀಟರು ಇರಲಿಲ್ಲವೆಂದಲ್ಲ, ಅಂಗಡಿಯಲ್ಲಿ ಒಂದಿತ್ತು. ಮೂರು ದಿನದಲ್ಲಿ ಒಮ್ಮೆಯೂ ಅದನ್ನು ಆ ಸ್ಕ್ರೂವಿಗೆ ಮುಟ್ಟಿಸಿ ನೋಡುವಷ್ಟು ಅನುಮಾನ ನನಗೆ ನನ್ನ ಮೇಲೆ ಬರಲಿಲ್ಲ.

ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಆಸ್ಪತ್ರೆ ಮುಟ್ಟಿದೆ. ಈರಮ್ಮ ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಗ್ರೇಸಮ್ಮ ಪೆಟ್ಟಿಗೆಯ ಮೇಲಿನ ಗೀರುಗಳನ್ನು ನೋಡಿ ಹಣೆ ಗಂಟು ಹಾಕಿದಳು, ಆದರೂ ದಾರಿ ಬಿಟ್ಟಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಹಿತ್ತಲಿನ ತಂತಿಯನ್ನು ಹೊಳೆಯುವ ತಗಡಿಗೆ ಬಿಗಿದು, ಸ್ವಿಚ್ಚು ಹಾಕಿದೆ.

"ಮತ್ತ ಬಂದೇನಪಾ?" ಹಂಪಮ್ಮ ಕೇಳಿದಳು.

"ಹೊಂಟೇನವ್ವ."

ಹೊರಗೆ ಬಂದೆ. ಪಡಸಾಲೆ ದಾಟಿದೆ, ಅಂಗಳ ದಾಟಿದೆ. ಹತ್ತಿರವಿದ್ದರೆ ನನ್ನ ಮೈಯೇ ಏನಾದರೂ ಮೋಸ ಮಾಡೀತು ಎಂಬ ಭಯದಲ್ಲಿ ರಸ್ತೆಯನ್ನೂ ದಾಟಿ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಇಷ್ಟು ದಿನ ಏನಾದರೂ ಮಾಡುತ್ತಲೇ ಇದ್ದ ಕೈಗಳಿಗೆ ಈಗ ಕೆಲಸವಿರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದೆ. ಗಿರಣಿಯ ಬೆಲ್ಟು ಪಟಪಟ ಬಡಿಯುತ್ತಿತ್ತು. ಒಳಗಿನಿಂದ ಯಾರೂ ಕೂಗಲಿಲ್ಲ. ಕೂಗದಿದ್ದರೆ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ನಂಬಿದ ದೇವರ ಹೆಸರುಗಳೆಲ್ಲ ಮುಗಿದು ಖಾಜಾ ಸಾಬರ ದೇವರಿಗೂ ಹರಕೆ ಹೊತ್ತೆ.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು. ಅಂಗಳದಿಂದ ಕರೆಯಲಿಲ್ಲ, ಬರಿಗಾಲಲ್ಲೇ ರಸ್ತೆ ದಾಟಿ ನಾನಿದ್ದಲ್ಲಿಗೆ ಬಂದರು. ಹೆಡ್‌ಫೋನಿನ ಒತ್ತಡಕ್ಕೆ ಅವರ ಕೂದಲು ಎರಡು ಕಡೆ ಚಪ್ಪಟೆಯಾಗಿತ್ತು. ಮರಕ್ಕೆ ಕೈ ಕೊಟ್ಟು ನಿಂತರು.

"ನಿಮಿಷಕ್ಕ ನೂರಾ ನಲವತ್ರಿ, ಎರ್ರಿಸ್ವಾಮಿ. ಎರಡು ಸಲ ಎಣಿಸಿದೆ. ಓಡಾಕತ್ತೈತಿ, ಕುದುರಿ ಓಡಿದಂಗ. ನನಗ ಕೇಳಿಸ್ತು. ನನ್ನ ಕಿವಿಗೇ ಕೇಳಿಸ್ತು."

"ಗುಂಯ್ ಇಲ್ಲೇನ್ರಿ?" ಬೇರೆ ಏನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

"ಏನೂ ಇಲ್ಲ. ಬರೀ ಕೂಸು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಪಮ್ಮ ಕೇಳಿದಳು, ಈಗ ಈರಮ್ಮ ಕೇಳಾಕತ್ಯಾಳ. ಕಿವಿಯಿಂದ ತಗೀ ಅಂದ್ರ ತಗೀವಲ್ಲಳು." ಆಸ್ಪತ್ರೆಯ ಕಡೆ ತಿರುಗಿ, ಬಾಗಿಲ ಮೇಲಿನ ಬೋರ್ಡನ್ನು ಒಮ್ಮೆ ನೋಡಿ, ನನಗೆ ಹೇಳಿದರು, "ಇನ್ನ ನೀವು ಇರೋದು ಬೇಕಾಗಿಲ್ರಿ. ಮನಿಗೆ ಹೋಗ್ರಿ."

ನನ್ನ ಇಡೀ ಕೆಲಸದ ಕಾಲದಲ್ಲಿ ಯಾರೂ ನನಗೆ ಅದಕ್ಕಿಂತ ದೊಡ್ಡ ಮಾತು ಹೇಳಲಿಲ್ಲ. ಬಜಾರಿನವರೆಗೂ ಅಳುತ್ತಲೇ ನಡೆದು ಹೋದೆ.